ದಾನ್‌ತ್ಸೋಂಗ್ ಊಲಾಂಗ್ ಕಹಿಯಾಗದಂತೆ ಮಾಡುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹಸಿರು ಟೀಗೂ ಕಪ್ಪು ಟೀಗೂ ನಡುವಿನ ಬಗೆಯೇ ಊಲಾಂಗ್, ಅದರಲ್ಲಿ ಚೀನಾದ ಒಂದು ಘಮದ ಟೀ ದಾನ್‌ತ್ಸೋಂಗ್. ಇದನ್ನು ತರಿಸಿಕೊಂಡವರ ದೂರು ಹೆಚ್ಚುಕಡಿಮೆ ಒಂದೇ. ಪೊಟ್ಟಣ ಬಿಚ್ಚಿದಾಗ ಜೇನು, ಹೂವು, ಹಣ್ಣು ಎಲ್ಲ ಸೇರಿದ ಘಮ. ಟೀ ಮಾಡಿ ಬಾಯಿಗಿಟ್ಟರೆ ಕಹಿ, ಅದರ ಹಿಂದೆಯೇ ನಾಲಿಗೆ ಎಳೆಯುವ ಒಗರು. ಮುಂದಿನ ಸಲ ನೀರಿನ ಬಿಸಿ ಇಳಿಸಿ ನೋಡುತ್ತಾರೆ. ಕಹಿ ಸ್ವಲ್ಪ ತಗ್ಗುತ್ತದೆ, ಜೊತೆಗೆ ಘಮವೂ ಹೋಗುತ್ತದೆ. ಕೊನೆಗೆ ಇದು ನಮಗಲ್ಲ ಅಂತ ಡಬ್ಬಿ ಮೂಲೆ ಸೇರುತ್ತದೆ. ಇಷ್ಟು ಒಳ್ಳೆಯ ಎಲೆಗೆ ಹೀಗಾಗಬಾರದು.

ತಪ್ಪು ಆಗುವುದು ಬಿಸಿಯಲ್ಲಿ ಅಲ್ಲ, ಸಮಯದಲ್ಲಿ. ತಿಯೆಗ್ವಾನ್‌ಯಿನ್ ತರಹದ ಊಲಾಂಗ್ ಎಲೆಯನ್ನು ಗುಂಡಗೆ ಉಂಡೆ ಮಾಡಿರುತ್ತಾರೆ. ಅದು ಬಿಚ್ಚಿಕೊಳ್ಳಲು ಸಮಯ ಬೇಕು. ದಾನ್‌ತ್ಸೋಂಗ್ ಎಲೆ ಉದ್ದಕ್ಕೆ ಹುರಿ ಮಾಡಿದ ಎಲೆ. ಬಿಸಿನೀರು ತಾಗಿದ ಕೂಡಲೇ ತನ್ನಲ್ಲಿರುವುದನ್ನು ಬಿಟ್ಟುಕೊಡಲು ಶುರು ಮಾಡುತ್ತದೆ. ಘಮ ಹೊರಬರಲು ಜೋರು ಬಿಸಿ ಬೇಕೇ ಬೇಕು. ಕಹಿ ಮತ್ತು ಒಗರು ಕೊಡುವ ಕೆಫೀನ್, ಕ್ಯಾಟೆಚಿನ್‌ಗಳು ಎಲೆ ನೀರಲ್ಲಿ ಕೂತಷ್ಟೂ ಇಳಿಯುತ್ತಲೇ ಹೋಗುತ್ತವೆ. ಹಾಗಾಗಿ ಕುದಿಯುವ ನೀರು, ಕೆಲವೇ ಸೆಕೆಂಡು. ಕೆಳಗಿನ ಎಲ್ಲ ಹಂತಗಳೂ ಇದನ್ನು ಸಾಧಿಸುವುದಕ್ಕೇ ಇರುವುದು.

## ಹಂತ 1: ಸರಿಯಾದ ಎಲೆಯಿಂದ ಶುರು ಮಾಡಿ

ಈ ಟೀ ಬರುವುದು ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಚಾವೊಝೌ ಪ್ರದೇಶದ ಫೆಂಗ್‌ಹುವಾಂಗ್ ಬೆಟ್ಟದಿಂದ. ಇಂಗ್ಲಿಷಿನಲ್ಲಿ ಇದನ್ನೇ ಫೀನಿಕ್ಸ್ ಊಲಾಂಗ್ ಅನ್ನುತ್ತಾರೆ. ಅಲ್ಲಿ ತಳಿಗಳನ್ನು ಅವುಗಳ ಘಮದ ಹೆಸರಿನಿಂದ ಗುರುತಿಸುತ್ತಾರೆ. ಮಲ್ಲಿಗೆ, ಬಾದಾಮಿ, ಶುಂಠಿಯ ಬಳಗದ ಹೂವು, ನಮ್ಮ ಸಂಪಿಗೆಯ ಬಳಗದ ಯೂಲಾನ್ ಹೂವು, ಹೀಗೆ ಬೇರೆ ಬೇರೆ. ಯಾವುದಕ್ಕೂ ಹೂವು ಬೆರೆಸಿರುವುದಿಲ್ಲ. ಎಲೆ ಬಾಡಿಸಿ, ರಾತ್ರಿಯೆಲ್ಲ ಆಗಾಗ ಕುಲುಕಿ, ಅಂಚು ಜಜ್ಜಿ, ಆಮೇಲೆ ಹುರಿಯುವಾಗ ಎಲೆಯೊಳಗೇ ಹುಟ್ಟುವ ಘಮ ಅದು.

ಮೊದಲ ಸಲ ಕೊಳ್ಳುವವರು ಮೀ ಲಾನ್ ಶ್ಯಾಂಗ್ ತಗೊಳ್ಳಿ. ಜೇನು ಮತ್ತು ಆರ್ಕಿಡ್ ಘಮದ ತಳಿ ಇದು. ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಹುರಿದಿರುತ್ತಾರೆ, ಹಾಗಾಗಿ ಒಂದೆರಡು ಸೆಕೆಂಡು ಹೆಚ್ಚುಕಡಿಮೆಯಾದರೂ ಕ್ಷಮಿಸುತ್ತದೆ. ಈಗ ಎಲ್ಲರ ಬಾಯಲ್ಲಿರುವ ಯಾ ಶೀ ಶ್ಯಾಂಗ್ ಇನ್ನೂ ಹಗುರ, ಇನ್ನೂ ಹೂವಿನಂತೆ. ಆದರೆ ಕಡಿಮೆ ಹುರಿದ ಎಲೆಯಲ್ಲಿ ಒಗರು ಬೇಗ ಮೇಲೇಳುತ್ತದೆ. ಕೈ ಪಳಗಿದ ಮೇಲೆ ಅದಕ್ಕೆ ಹೋಗಿ.

ಕೊಳ್ಳುವಾಗ ಮೂರು ವಿಷಯ ನೋಡಿ. ಎಲೆ ಉದ್ದಕ್ಕೆ, ಇಡಿಯಾಗಿ ಇರಬೇಕು. ಪುಡಿ, ಚೂರು ಜಾಸ್ತಿ ಇದ್ದರೆ ನೀವು ಎಷ್ಟೇ ಜಾಗ್ರತೆ ಮಾಡಿದರೂ ಕಹಿಯಾಗುತ್ತದೆ, ಏಕೆಂದರೆ ಚೂರಿನಿಂದ ಸಾರ ಒಂದೇ ಸಲಕ್ಕೆ ಇಳಿಯುತ್ತದೆ. ಎರಡನೆಯದು, ಒಣ ಎಲೆಯ ವಾಸನೆ ಸೆಂಟು ಬಾಟಲಿ ತೆರೆದ ಹಾಗೆ ಮೂಗಿಗೆ ಹೊಡೆದರೆ ಅನುಮಾನಿಸಿ. ಈ ಟೀಯಲ್ಲಿ ಒಂದೇ ಎಲೆಗೆ ಮತ್ತೆ ಮತ್ತೆ ನೀರು ಹಾಕಿ ಇಳಿಸುತ್ತಾರೆ, ಒಂದೊಂದು ಸಲವೂ ಒಂದು ಸುತ್ತು. ಕೃತಕ ಪರಿಮಳ ಹಾಕಿದ ಎಲೆಯ ವಾಸನೆ ಮೊದಲೆರಡು ಸುತ್ತಿಗೇ ಮುಗಿದು, ಮೂರನೆಯದಕ್ಕೆ ಬರೀ ಬಣ್ಣದ ನೀರು ಉಳಿಯುತ್ತದೆ. ನಿಜವಾದ ದಾನ್‌ತ್ಸೋಂಗ್ ಏಳೆಂಟು ಸುತ್ತು ಘಮ ಉಳಿಸಿಕೊಳ್ಳುತ್ತದೆ. ಮೂರನೆಯದು ಕೊಯ್ಲಿನ ಕಾಲ. ಏಪ್ರಿಲ್ ಆಸುಪಾಸಿನ ವಸಂತದ ಕೊಯ್ಲಿನ ಟೀ ಬಾಯಿಗೆ ಗಟ್ಟಿಯಾಗಿರುತ್ತದೆ. ಚಳಿಗಾಲದ ಕೊಯ್ಲು ಮೂಗಿಗೆ ಚೆನ್ನ, ಬಾಯಿಗೆ ತೆಳು.

## ಹಂತ 2: ಸಾಮಾನು ಜೋಡಿಸಿ, ಆಮೇಲೆ ನೀರು ಕುದಿಸಿ

ಈ ಟೀಯಲ್ಲಿ ಎಲ್ಲವೂ ಸೆಕೆಂಡುಗಳ ಲೆಕ್ಕ. ನೀರು ಹಾಕಿದ ಮೇಲೆ ಜಾಲರಿ ಎಲ್ಲಿ ಅಂತ ಹುಡುಕುತ್ತ ಕೂತರೆ ಅಷ್ಟರಲ್ಲಿ ಕೆಟ್ಟಿರುತ್ತದೆ. ಅದಕ್ಕೇ ಎಲ್ಲ ಕೈಗೆ ಸಿಗುವಂತೆ ಇಟ್ಟುಕೊಂಡೇ ಒಲೆ ಹಚ್ಚಿ.

ಬೇಕಾದದ್ದು ಇಷ್ಟು:

- ಗೈವಾನ್: ಮುಚ್ಚಳ, ತಟ್ಟೆ ಇರುವ ಪಿಂಗಾಣಿ ಬಟ್ಟಲು. 100 ರಿಂದ 110 ಮಿ.ಲೀ. ಹಿಡಿಯುವಂಥದ್ದು. ಬಾಯಿಯ ಅಂಚು ಹೊರಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಬೆರಳು ಸುಡುತ್ತದೆ.
- ಸಣ್ಣ ಜಗ್: ಟೀಯನ್ನು ಪೂರ್ತಿ ಬಗ್ಗಿಸಿಕೊಳ್ಳಲು, ಗಾಜಿನದಾದರೆ ಬಣ್ಣ ಕಾಣುತ್ತದೆ.
- ಸಣ್ಣ ಲೋಟಗಳು: 30 ಮಿ.ಲೀ. ಆಸುಪಾಸಿನವು, ಮೂರು.
- ಡಿಜಿಟಲ್ ತಕ್ಕಡಿ: 0.1 ಗ್ರಾಂ ತೋರಿಸುವಂಥದ್ದು.
- ಕೆಟಲ್, ಟೀ ಜಾಲರಿ, ನೀರು ಚೆಲ್ಲಲು ಒಂದು ಅಗಲ ಪಾತ್ರೆ.

ಗೈವಾನ್ ಇಲ್ಲದಿದ್ದರೆ ಸಣ್ಣ ಪಿಂಗಾಣಿ ಕಪ್, ಮೇಲೆ ಮುಚ್ಚಲು ಒಂದು ತಟ್ಟೆ, ಮತ್ತೆ ಒಂದು ಜಾಲರಿ ಸಾಕು. ದೊಡ್ಡ ಟೀಪಾಟ್ ಮಾತ್ರ ಬೇಡ. ಅದು ಬರಿದಾಗುವುದಕ್ಕೇ ಅರ್ಧ ನಿಮಿಷ ಬೇಕು. ಚಾವೊಝೌನಲ್ಲಿ ಮಣ್ಣಿನ ಪುಟ್ಟ ಪಾಟ್ ಬಳಸುತ್ತಾರೆ, ಅದು ಚೆನ್ನಾಗಿಯೇ ಇದೆ. ಆದರೆ ಮಣ್ಣು ವಾಸನೆ ಹೀರಿಕೊಳ್ಳುತ್ತದೆ. ಕಲಿಯುವವರಿಗೆ ಪಿಂಗಾಣಿಯೇ ಒಳ್ಳೆಯದು, ತಪ್ಪನ್ನು ಮುಚ್ಚಿಡದೆ ತೋರಿಸುತ್ತದೆ.

ಒಂದು ಎಚ್ಚರಿಕೆ. ದಿನಾ ಶುಂಠಿ, ಏಲಕ್ಕಿ ಹಾಕಿ ಹಾಲಿನ ಟೀ ಸೋಸುವ ಜಾಲರಿಯನ್ನು ಇದಕ್ಕೆ ಮುಟ್ಟಿಸಬೇಡಿ. ಎಷ್ಟು ತೊಳೆದರೂ ಏಲಕ್ಕಿ ಅದರಲ್ಲಿ ಕೂತಿರುತ್ತದೆ.

ಗೈವಾನ್ ಹಿಡಿಯುವುದನ್ನು ಮೊದಲು ತಣ್ಣೀರಲ್ಲಿ ಅಭ್ಯಾಸ ಮಾಡಿ. ಹೆಬ್ಬೆರಳು ಒಂದು ಕಡೆ, ನಡುಬೆರಳು ಎದುರು ಕಡೆ, ಎರಡೂ ಅಂಚಿನ ತುದಿಯಲ್ಲಿ. ತೋರುಬೆರಳು ಮುಚ್ಚಳದ ಗುಬುಟಿನ ಮೇಲೆ. ಮುಚ್ಚಳವನ್ನು ಸ್ವಲ್ಪ ಹಿಂದಕ್ಕೆ ಜರುಗಿಸಿ, ಎಲೆ ಹೊರಬೀಳದೆ ನೀರು ಮಾತ್ರ ಬರುವಷ್ಟು ಸಂದು ಬಿಡಿ. ಆಮೇಲೆ ಮಣಿಕಟ್ಟು ತಿರುಗಿಸಿ ನೇರವಾಗಿ ಬಗ್ಗಿಸಿ. ಅರ್ಧಂಬರ್ಧ ಬಗ್ಗಿಸಿದರೆ ಆವಿ ಬೆರಳಿಗೆ ಬಡಿಯುತ್ತದೆ. ಧೈರ್ಯವಾಗಿ ಪೂರ್ತಿ ಬಗ್ಗಿಸಿದರೆ ಸುಡುವುದು ಕಡಿಮೆ. ಐದಾರು ಸೆಕೆಂಡಿನಲ್ಲಿ ಬಟ್ಟಲು ಪೂರ್ತಿ ಖಾಲಿ ಮಾಡಲು ಬರುವವರೆಗೆ ಬಿಸಿನೀರಿಗೆ ಹೋಗಬೇಡಿ.

## ಹಂತ 3: ನೀರು

ಬೋರ್‌ವೆಲ್‌ನ ಗಡಸು ನೀರಲ್ಲಿ ದಾನ್‌ತ್ಸೋಂಗ್ ಮಾಡಿದರೆ ಘಮ ಮಂಕಾಗುತ್ತದೆ, ಬಣ್ಣ ಕಂದುತ್ತದೆ, ಲೋಟದ ಮೇಲೆ ತೆಳ್ಳಗೆ ಕೆನೆಯಂತಹ ಪೊರೆ ಕಟ್ಟುತ್ತದೆ. ಪೊರೆ ಕಂಡರೆ ನೀರು ಬದಲಿಸಿ. ತೀರಾ ಖನಿಜವಿಲ್ಲದ ಆರ್‌ಒ ನೀರೂ ಒಳ್ಳೆಯದಲ್ಲ, ಟೀ ಚಪ್ಪೆ ಅನಿಸುತ್ತದೆ. ಟಿಡಿಎಸ್ (ನೀರಲ್ಲಿ ಕರಗಿದ ಖನಿಜಗಳ ಅಳತೆ) 50 ರಿಂದ 150ರ ನಡುವೆ ಇರುವ ನೀರು ಇದಕ್ಕೆ ಹೊಂದುತ್ತದೆ. ಆರ್‌ಒ ನೀರು ತೀರಾ ಸಪ್ಪೆ ಇದ್ದರೆ ಅದಕ್ಕೆ ಸ್ವಲ್ಪ ಸೋಸಿದ ನಲ್ಲಿ ನೀರು ಬೆರೆಸಿ ನೋಡಿ.

ಬಿಸಿಯ ವಿಷಯದಲ್ಲಿ ಒಂದೇ ಮಾತು: ಕುದಿಯಲಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಈ ಊರುಗಳಲ್ಲಿರುವವರು ಕುದಿದ ನೀರನ್ನು ಆರಲು ಬಿಡುವ ಪ್ರಶ್ನೆಯೇ ಇಲ್ಲ. ಮಂಗಳೂರು, ಕಾರವಾರದವರು ಬೇಕಿದ್ದರೆ ಕುದಿ ನಿಂತ ಮೇಲೆ ಹತ್ತಿಪ್ಪತ್ತು ಸೆಕೆಂಡು ಬಿಡಬಹುದು. ಪ್ರತಿ ಸುತ್ತಿಗೂ ಕೆಟಲನ್ನು ಮತ್ತೆ ಕುದಿಗೆ ತನ್ನಿ. ನಾಲ್ಕನೇ ಸುತ್ತಿನಿಂದ ರುಚಿ ಸಪ್ಪೆಯಾಯಿತು ಅನ್ನುವವರಲ್ಲಿ ಬಹಳ ಜನ ಅಷ್ಟರಲ್ಲಿ ಆರಿದ ನೀರು ಹಾಕುತ್ತಿರುತ್ತಾರೆ.

## ಹಂತ 4: ಬಟ್ಟಲು ಬಿಸಿ ಮಾಡಿ, ಎಲೆ ತೂಗಿ ಹಾಕಿ

ಗೈವಾನ್, ಜಗ್, ಲೋಟ ಎಲ್ಲದಕ್ಕೂ ಕುದಿಯುವ ನೀರು ಹಾಕಿ ಚೆಲ್ಲಿ. ತಣ್ಣಗಿರುವ ಪಿಂಗಾಣಿ ಮೊದಲ ಸುತ್ತಿನ ಬಿಸಿಯನ್ನು ಸುಮ್ನೆ ನುಂಗಿಬಿಡುತ್ತದೆ.

100 ಮಿ.ಲೀ. ಬಟ್ಟಲಿಗೆ 5 ಗ್ರಾಂ ಎಲೆ. ಚಾವೊಝೌನವರು ಇದಕ್ಕಿಂತ ಎಷ್ಟೋ ಜಾಸ್ತಿ ಹಾಕುತ್ತಾರೆ, 7-8 ಗ್ರಾಂ ಅವರಿಗೆ ಸಾಮಾನ್ಯ. ಅವರ ಕೈ ಅಷ್ಟು ಚುರುಕು. ನಿಮಗೆ ಸದ್ಯಕ್ಕೆ 5 ಸಾಕು. ಚಮಚದ ಅಳತೆ ನಂಬಬೇಡಿ. ಎಲೆ ಉದ್ದುದ್ದ ಇರುವುದರಿಂದ ಒಂದು ಚಮಚದಲ್ಲಿ ಒಮ್ಮೆ 1 ಗ್ರಾಂ ಬರುತ್ತದೆ, ಇನ್ನೊಮ್ಮೆ ಅದರ ಎರಡರಷ್ಟು.

ಪೊಟ್ಟಣದ ತಳದ ಪುಡಿಯನ್ನು ಎಲೆಯ ಜೊತೆ ಸುರಿಯಬೇಡಿ, ಬೇರೆ ತೆಗೆದಿಡಿ. ಸ್ವಲ್ಪ ಚೂರು ಇದ್ದೇ ಇರುತ್ತದೆ ಅಂದರೆ ದೊಡ್ಡ ಎಲೆ ಕೆಳಗೆ, ಚೂರು ನಡುವೆ, ಮತ್ತೆ ದೊಡ್ಡ ಎಲೆ ಮೇಲೆ ಬರುವಂತೆ ಹಾಕಿ. ಇದು ಚಾವೊಝೌನ ಹಳೆಯ ಕ್ರಮ. ಚೂರು ಪಾಟ್‌ನ ಬಾಯಿಗೂ ಸಿಕ್ಕಿಕೊಳ್ಳುವುದಿಲ್ಲ, ನೀರಿನ ನೇರ ಹೊಡೆತಕ್ಕೂ ಸಿಗುವುದಿಲ್ಲ.

ಎಲೆ ಹಾಕಿ ಮುಚ್ಚಳ ಮುಚ್ಚಿ, ಒಂದೆರಡು ಸಲ ಮೆಲ್ಲಗೆ ಕುಲುಕಿ, ಮುಚ್ಚಳ ತೆಗೆದು ಮೂಸಿ. ಬಿಸಿ ಬಟ್ಟಲಿನ ಒಣ ಎಲೆ ಇಡೀ ಟೀಯ ಜಾತಕ ಹೇಳಿಬಿಡುತ್ತದೆ. ಜೇನು, ಹೂವು ಬಂದರೆ ಸರಿ. ಬರೀ ಇದ್ದಿಲಿನ ವಾಸನೆ ಬಂದರೆ ಹುರಿದು ಹೆಚ್ಚು ದಿನ ಆಗಿಲ್ಲ ಅಂತ ಅರ್ಥ. ಅಂಥ ಟೀಯನ್ನು ತಗಡಿನ ಡಬ್ಬಿಯಲ್ಲಿ ಒಂದೆರಡು ವಾರ ಬಿಟ್ಟು ಮತ್ತೆ ನೋಡಿ. ಹಳೆಯ ರಟ್ಟಿನ ವಾಸನೆ ಬಂದರೆ ತೇವ ತಾಗಿದೆ.

## ಹಂತ 5: ಎಲೆ ತೊಳೆಯುವ ಸುತ್ತು

ನೀರು ಹಾಕಿ, ಮೇಲೆ ಬರುವ ನೊರೆಯನ್ನು ಮುಚ್ಚಳದಿಂದ ಒಂದು ಸಲ ಸವರಿ ತೆಗೆದು, ತಕ್ಷಣ ಚೆಲ್ಲಿ. ಮೂರು ಸೆಕೆಂಡು ಸಾಕು. ಎಲೆ ಎಚ್ಚರಗೊಳ್ಳುತ್ತದೆ, ಪುಡಿ ಹೋಗುತ್ತದೆ. ಇದರಿಂದ ಕೆಫೀನ್ ಎಲ್ಲ ಹೋಗುತ್ತದೆ ಅನ್ನುವ ಮಾತು ಸುಳ್ಳು, ಅಷ್ಟು ಹೊತ್ತಿಗೆ ಹೋಗುವುದು ಸ್ವಲ್ಪವೇ. ಎಲೆ ತುಂಬ ಒಳ್ಳೆಯದಿದ್ದು ಪುಡಿಯೇ ಇಲ್ಲದಿದ್ದರೆ ಈ ಸುತ್ತು ಬಿಟ್ಟರೂ ನಷ್ಟವಿಲ್ಲ.

## ಹಂತ 6: ಮೊದಲ ಸುತ್ತು

ಕೆಡುವುದು ಶುರುವಾಗುವುದು ಇಲ್ಲಿ, ಅದಕ್ಕೆ ನಿಧಾನವಾಗಿ ಓದಿ.

ಕೆಟಲನ್ನು ಸ್ವಲ್ಪ ಎತ್ತರದಲ್ಲಿ ಹಿಡಿದು, ಬಟ್ಟಲಿನ ಅಂಚಿಗೆ ನೀರು ಬೀಳುವಂತೆ ಸುತ್ತ ಹಾಕಿ. ಎಲೆಯ ನಟ್ಟನಡುವೆ ಸುರಿಯಬೇಡಿ. ನಡುವೆ ಬಿದ್ದ ನೀರು ಎಲೆಯನ್ನು ಕಲಕಿ ಒಂದೇ ಸಲ ಎಲ್ಲವನ್ನೂ ಹೊರಗೆಳೆಯುತ್ತದೆ. ಚಾವೊಝೌನ ಹಿರಿಯರು ನಡುವೆ ನೀರು ಹಾಕಿದರೆ ಕಹಿ ಅಂತ ಮಕ್ಕಳಿಗೆ ಕಲಿಸುವುದು ಇದನ್ನೇ. ನೀರು ಅಂಚಿಗಿಂತ ಸ್ವಲ್ಪ ಕೆಳಗೇ ನಿಲ್ಲಲಿ. ತುಂಬಿ ತುಳುಕಿದರೆ ಮುಚ್ಚಳ ಹಿಡಿಯಲು ಆಗುವುದಿಲ್ಲ.

ಮುಚ್ಚಳ ಮುಚ್ಚಿದಿರಾ? ಕಾಯಬೇಡಿ. ಬಗ್ಗಿಸಿ.

ಸಮಯದ ಲೆಕ್ಕ ಶುರುವಾಗುವುದು ನೀರು ಎಲೆಗೆ ತಾಗಿದ ಕ್ಷಣದಿಂದ, ಮುಗಿಯುವುದು ಕೊನೆಯ ಹನಿ ಜಗ್‌ಗೆ ಬಿದ್ದಾಗ. ನೀರು ಹಾಕಲು ಮೂರು ನಾಲ್ಕು ಸೆಕೆಂಡು, ಬಗ್ಗಿಸಲು ಐದಾರು ಸೆಕೆಂಡು. ಅಲ್ಲಿಗೇ ಹತ್ತು ಸೆಕೆಂಡು ಆಯಿತು, ಅಲ್ವಾ? ಪೊಟ್ಟಣದ ಮೇಲೆ 10 ಸೆಕೆಂಡು ಅಂತ ಬರೆದಿದ್ದನ್ನು ನೋಡಿ, ಮುಚ್ಚಳ ಮುಚ್ಚಿದ ಮೇಲೆ ಹತ್ತು ಎಣಿಸುವವರು ನಿಜವಾಗಿ 20 ಸೆಕೆಂಡು ಬಿಟ್ಟಿರುತ್ತಾರೆ. ಕಹಿಯಾಗಲು ಅಷ್ಟೇ ಬೇಕಾದದ್ದು.

## ಹಂತ 7: ಕೊನೆಯ ಹನಿಯವರೆಗೂ ಬಗ್ಗಿಸಿ

ಬಟ್ಟಲಿನ ತಳದಲ್ಲಿ ಎರಡು ಚಮಚ ಟೀ ಉಳಿದರೂ ಅದು ಎಲೆಯ ಜೊತೆ ಬೇಯುತ್ತ ಇರುತ್ತದೆ. ಮುಂದಿನ ಸುತ್ತಿನ ಕಹಿ ಅಲ್ಲಿಂದಲೇ ಬರುತ್ತದೆ. ಬಗ್ಗಿಸಿ ಮುಗಿಯಿತು ಅನಿಸಿದ ಮೇಲೂ ಮೂರ್ನಾಲ್ಕು ಸೆಕೆಂಡು ಹಾಗೇ ಹಿಡಿದು, ಮಣಿಕಟ್ಟನ್ನು ಒಮ್ಮೆ ಝಾಡಿಸಿ. ಹನಿ ನಿಂತ ಮೇಲೆ ಕೆಳಗಿಟ್ಟು ಮುಚ್ಚಳ ತೆಗೆದುಬಿಡಿ. ಮುಚ್ಚಿಟ್ಟ ಬಿಸಿ ಎಲೆ ಆವಿಯಲ್ಲೇ ಬೆಂದು ಹಳಸಿದ ವಾಸನೆ ಹಿಡಿಯುತ್ತದೆ.

ಜಗ್ ಇಲ್ಲದೆ ನೇರವಾಗಿ ಲೋಟಕ್ಕೆ ಹಾಕುವವರಿಗೆ ಚಾವೊಝೌನ ಕ್ರಮವೇ ಸರಿ. ಮೂರು ಲೋಟಗಳನ್ನು ಒತ್ತೊತ್ತಾಗಿ ಇಟ್ಟು, ಒಂದನ್ನು ತುಂಬಿ ಇನ್ನೊಂದಕ್ಕೆ ಹೋಗದೆ, ಸುತ್ತಿ ಸುತ್ತಿ ಮೂರಕ್ಕೂ ಸ್ವಲ್ಪ ಸ್ವಲ್ಪ ಹಾಕುತ್ತಾರೆ. ಈ ಸುತ್ತಿಗೆ ಸೇನಾನಿ ಗುವಾನ್ ಗೊಂಗ್ ಊರು ಕಾವಲು ತಿರುಗುವುದು ಅಂತ ಹೆಸರು. ಕೊನೆಯ ಹನಿಗಳನ್ನು ಮೂರೂ ಲೋಟಕ್ಕೆ ಒಂದೊಂದಾಗಿ ಹಂಚುವುದಕ್ಕೆ ಹಾನ್ ಶಿನ್ ಸೈನಿಕರನ್ನು ಎಣಿಸುವುದು ಅನ್ನುತ್ತಾರೆ. ಹೆಸರು ಚೆಂದ, ಕಾರಣ ಇನ್ನೂ ಚೆಂದ. ಕೊನೆಯ ಹನಿಯೇ ಎಲ್ಲಕ್ಕಿಂತ ಗಟ್ಟಿ. ಅದೆಲ್ಲ ಒಂದೇ ಲೋಟಕ್ಕೆ ಬಿದ್ದರೆ ಒಬ್ಬರಿಗೆ ಕಹಿ, ಮತ್ತಿಬ್ಬರಿಗೆ ಸಪ್ಪೆ.

## ಹಂತ 8: ಮುಂದಿನ ಸುತ್ತುಗಳು

ಎರಡನೇ, ಮೂರನೇ ಸುತ್ತೂ ಮೊದಲಿನಂತೆಯೇ. ಹಾಕಿ, ಮುಚ್ಚಿ, ಬಗ್ಗಿಸಿ. ಎರಡನೆಯದರಲ್ಲಿ ಎಲೆ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಇಡೀ ಸರಣಿಯಲ್ಲಿ ಕಹಿಯಾಗುವ ಅಪಾಯ ಇಲ್ಲೇ ಜಾಸ್ತಿ, ಹಾಗಾಗಿ ಮೊದಲ ಸುತ್ತು ಚೆನ್ನಾಗಿ ಬಂತು ಅಂತ ಕೈ ಸಡಿಲ ಬಿಡಬೇಡಿ.

ನಾಲ್ಕು, ಐದರಲ್ಲಿ ಮುಚ್ಚಿದ ಮೇಲೆ ಐದು ಎಣಿಸಿ. ಆರು, ಏಳರಲ್ಲಿ ಹದಿನೈದು. ಎಂಟರಿಂದ ಅರ್ಧ ನಿಮಿಷ. ಅಲ್ಲಿಂದಾಚೆ ಒಂದು ನಿಮಿಷ, ಎರಡು ನಿಮಿಷ, ರುಚಿ ಇರುವವರೆಗೆ. ಈ ಸಂಖ್ಯೆಗಳಿಗಿಂತ ನಿಮ್ಮ ನಾಲಿಗೆ ಮುಖ್ಯ. ಹಿಂದಿನ ಸುತ್ತು ಗಟ್ಟಿ ಅನಿಸಿದರೆ ಸಮಯ ಏರಿಸಬೇಡಿ. ತೆಳು ಅನಿಸಿದರೆ ಮಾತ್ರ ಏರಿಸಿ.

## ಹಂತ 9: ಯಾವ ಕಹಿ ಸರಿ, ಯಾವ ಕಹಿ ತಪ್ಪು

ದಾನ್‌ತ್ಸೋಂಗ್‌ನಲ್ಲಿ ಕಹಿ ಸೊನ್ನೆಯಾಗುವುದಿಲ್ಲ. ಆಗಲೂ ಬಾರದು. ಗುಟುಕು ಇಳಿದ ಮೇಲೆ ಸಣ್ಣ ಕಹಿಯೊಂದು ಬಂದು, ಅರ್ಧ ನಿಮಿಷದೊಳಗೆ ಕರಗಿ, ಗಂಟಲಿನಿಂದ ಸಿಹಿ ಮೇಲೇಳಬೇಕು. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ಬರುತ್ತದಲ್ಲ, ಆ ತರಹದ ಸಿಹಿ. ಅದು ಬಂದರೆ ನೀವು ಗೆದ್ದಿರಿ. ಕಹಿ ನಾಲಿಗೆಯ ಹಿಂಭಾಗದಲ್ಲಿ ಕೂತು ಕದಲದಿದ್ದರೆ, ಕೆನ್ನೆಯ ಒಳಭಾಗ ಒಣಗಿದಂತಾದರೆ, ಅದು ತಪ್ಪು ಕಹಿ.

ಘಮ ನೋಡಲು ಮೂರು ಜಾಗ ಇವೆ. ಬಗ್ಗಿಸಿದ ಕೂಡಲೇ ಮುಚ್ಚಳದ ಒಳಮೈ: ಇಲ್ಲಿ ಹೂವು ಸಿಗುತ್ತದೆ. ಟೀ ಬಾಯಲ್ಲಿರುವಾಗ ಮೂಗಿನಿಂದ ಉಸಿರು ಬಿಟ್ಟರೆ ಹಣ್ಣು. ಕುಡಿದು ಮುಗಿಸಿದ ಲೋಟ ಒಂದು ನಿಮಿಷ ಆರಿದ ಮೇಲೆ ಅದರ ತಳದಲ್ಲಿ ಜೇನು. ಮೀ ಲಾನ್ ಶ್ಯಾಂಗ್ ಒಳ್ಳೆಯದಿದ್ದರೆ ಈ ಕೊನೆಯದು ಖಾಲಿ ಲೋಟದಲ್ಲಿ ಬಹಳ ಹೊತ್ತು ಉಳಿಯುತ್ತದೆ. ಸೆಂಟು ಹಾಕಿದ ಟೀಯನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಹಾಲು, ಸಕ್ಕರೆ ಬೇಡ. ಖಾಲಿ ಹೊಟ್ಟೆಯಲ್ಲೂ ಬೇಡ. ಗಟ್ಟಿ ಟೀಯನ್ನು ಬರೀ ಹೊಟ್ಟೆಗೆ ಇಳಿಸಿದರೆ ತಲೆ ಹಗುರಾಗಿ ಕೈ ನಡುಗಬಹುದು. ಹಾಗಾದರೆ ನಿಲ್ಲಿಸಿ ಏನಾದರೂ ತಿನ್ನಿ. ರಕ್ತಹೀನತೆ ಇರುವವರು ಊಟದಿಂದ ಒಂದು ಗಂಟೆ ದೂರ ಇಟ್ಟುಕೊಳ್ಳಿ, ಟೀ ಊಟದಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ.

## ಕೆಟ್ಟರೆ ಎಲ್ಲಿ ನೋಡಬೇಕು

ಮೊದಲ ಸುತ್ತಿಗೇ ಕಹಿ. ಸಮಯ ಜಾಸ್ತಿ, ಇಲ್ಲವೇ ಚೂರು ಜಾಸ್ತಿ. ಎರಡೂ ಅಲ್ಲದಿದ್ದರೆ ಎಲೆ 4 ಗ್ರಾಂಗೆ ಇಳಿಸಿ. ನೀರಿನ ಬಿಸಿ ಮುಟ್ಟಬೇಡಿ.

ಮೊದಲು ಚೆನ್ನಾಗಿತ್ತು, ಮೂರರಿಂದ ಕಹಿ. ತಳದಲ್ಲಿ ಟೀ ಉಳಿಯುತ್ತಿದೆ ಅಥವಾ ಮುಚ್ಚಳ ಮುಚ್ಚಿಯೇ ಇಡುತ್ತಿದ್ದೀರಿ.

ಘಮ ಇದೆ, ರುಚಿಯೇ ಇಲ್ಲ. ಎಲೆ ಕಡಿಮೆಯಾಗಿದೆ ಅಥವಾ ಬಟ್ಟಲು ದೊಡ್ಡದು. ತುಂಬ ಜನ 150 ಮಿ.ಲೀ. ಗೈವಾನ್ ಕೊಂಡು 5 ಗ್ರಾಂ ಹಾಕುತ್ತಾರೆ. ಆ ಅಳತೆಗೆ 7 ಗ್ರಾಂ ದಾಟಬೇಕು. ಎರಡೂ ಸರಿಯಿದ್ದರೆ ನೀರು ಬದಲಿಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ಎಲೆಗೇ ಪರಿಮಳ ಹಾಕಿರಬಹುದು.

ಎಲ್ಲ ಸರಿ ಮಾಡಿದರೂ ಒಗರು ಹೋಗುತ್ತಿಲ್ಲ. ಬಳಸಿದ ಎಲೆಯನ್ನು ಬಿಡಿಸಿ ನೋಡಿ. ನಡುವೆ ಹಸಿರು, ಅಂಚು ಕೆಂಪು ಇರಬೇಕು. ತುಂಬ ಹುರಿದ ಎಲೆಯಾದರೆ ಪೂರ್ತಿ ಕಪ್ಪಗಿರುತ್ತದೆ, ಅದೂ ಸರಿಯೇ. ಅಂಚಿಗೂ ಕೆಂಪು ಹತ್ತದೆ ಇಡೀ ಎಲೆ ಹಸಿರಾಗೇ ಇದ್ದರೆ ಟೀ ಸರಿಯಾಗಿ ಹದಗೊಂಡಿಲ್ಲ. ಅದನ್ನು ಬಿಸಿ ಮಾಡಿ ಕಷ್ಟಪಡುವ ಬದಲು 5 ಗ್ರಾಂ ಎಲೆಯನ್ನು ಅರ್ಧ ಲೀಟರ್ ತಣ್ಣೀರಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ತಣ್ಣೀರಿಗೆ ಒಗರು ಕಡಿಮೆ ಇಳಿಯುತ್ತದೆ. ಬೆಳಗ್ಗೆ ಸೋಸಿದರೆ ಸೆಕೆಗೆ ಒಳ್ಳೆಯ ಪಾನೀಯ.

## ಹಂತ 10: ಉಳಿದ ಎಲೆ ಇಡುವುದು

ಅಡುಗೆಮನೆಯ ಕಪಾಟು ಬೇಡವೇ ಬೇಡ. ಸಾರಿನ ಪುಡಿ, ಇಂಗು, ಕಾಫಿಪುಡಿ ಇರುವ ಕಡೆ ಇಟ್ಟ ಎಲೆ ವಾರದೊಳಗೆ ಆ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಬಿಗಿ ಮುಚ್ಚಳದ ತಗಡಿನ ಡಬ್ಬಿ, ಬೆಳಕಿಲ್ಲದ ಒಣ ಜಾಗ ಸಾಕು. ಚೆನ್ನಾಗಿ ಹುರಿದ ಮೀ ಲಾನ್ ಶ್ಯಾಂಗ್‌ಗೆ ಫ್ರಿಜ್ ಬೇಕಿಲ್ಲ. ಮಲೆನಾಡು, ಕರಾವಳಿಯವರು ಮಳೆಗಾಲಕ್ಕೆ ಮುಂಚೆ ಎಲೆಯನ್ನು ಒಂದೊಂದು ಸಲಕ್ಕೆ ಬೇಕಾಗುವಷ್ಟು ಸಣ್ಣ ಪೊಟ್ಟಣಗಳಲ್ಲಿ ಸೀಲ್ ಮಾಡಿಡುವುದು ಒಳ್ಳೆಯದು. ಡಬ್ಬಿ ತೆರೆದಾಗಲೆಲ್ಲ ಥಂಡಿ ಗಾಳಿ ಒಳಗೆ ಹೋಗುವುದು ತಪ್ಪುತ್ತದೆ.

ಕಡಿಮೆ ಹುರಿದ ಯಾ ಶೀ ಶ್ಯಾಂಗ್‌ನಂಥವನ್ನು ಮಾತ್ರ ಸೀಲ್ ಮಾಡಿದ ಪೊಟ್ಟಣದಲ್ಲೇ ಫ್ರಿಜ್‌ನಲ್ಲಿಡಿ. ಹೊರಗೆ ತೆಗೆದ ಮೇಲೆ ಪೊಟ್ಟಣ ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಎಲೆಯ ಮೇಲೆ ನೀರಿನ ಪಸೆ ಕೂರುತ್ತದೆ, ಆ ಎಲೆ ಆಮೇಲೆ ಹೆಚ್ಚು ದಿನ ಬಾಳುವುದಿಲ್ಲ.